ಉಪ್ಪು ತೆಗೆದ ಕಡಲು

ಮೊನ್ನೆ ಶುಕ್ರವಾರ ಮೇಜಿನ ಡ್ರಾಯರ್ ಖಾಲಿ ಮಾಡಲು ಕೂತೆ. ನನ್ನ ಹೆಂಡತಿ ಸುಜಾತಾ ಬಹಳ ಕಾಲದಿಂದ ಹೇಳುತ್ತ ಬಂದಿದ್ದ ಕೆಲಸ ಇದು. ಆಕೆ ಹೇಳುವುದನ್ನು ನಿಲ್ಲಿಸಿದ ಮೇಲೆ ನನಗೇ ಭಯವಾಗಿ ಶುರುಮಾಡಿದೆ. ಯಾವ ಟಿ.ವಿ.ಯದೆಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ರಿಮೋಟು, ಕಾಲು ಮುರಿದ ಕನ್ನಡಕ, ಅವಧಿ ಮುಗಿದ ನನ್ನ ಗುರುತಿನ ಕಾರ್ಡುಗಳು ಸಿಕ್ಕವು. ಒಂದೊಂದು ಕಾರ್ಡಿನಲ್ಲೂ ಹಿಂದಿನದಕ್ಕಿಂತ ಕೂದಲು ಕಡಿಮೆಯಾದ ನನ್ನದೇ ಮುಖ. ಅವುಗಳ ಅಡಿಯಲ್ಲಿ, ಬ್ಯಾಟರಿ ಸತ್ತು ಬಿದ್ದಿದ್ದ ನನ್ನ ಹಳೆಯ ಮೀಟರು ಸಿಕ್ಕಿತು. ಅದನ್ನು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತೆನೋ, ಆ ದಿನ ಡ್ರಾಯರ್ ಖಾಲಿಯಾಗಲಿಲ್ಲ.

ಮೀಟರು ಎಂದರೆ ದೊಡ್ಡ ಯಂತ್ರವೇನಲ್ಲ. ಜೇಬಿಗೆ ಸಿಕ್ಕಿಸಿಕೊಳ್ಳುವ, ಪೆನ್ನಿನಷ್ಟೇ ಉದ್ದದ ಸಾಮಾನು. ತುದಿಯನ್ನು ಲೋಟದ ನೀರಿಗೆ ಅದ್ದಿದರೆ ಅದರಲ್ಲಿ ಎಷ್ಟು ಉಪ್ಪು ಕರಗಿದೆ ಎಂದು ತೋರಿಸುತ್ತದೆ. ನಾನು ಮಸ್ಕತ್ತಿನ ಘಾಲಾದಲ್ಲಿ, ಗ್ಯಾರೇಜುಗಳ ಗದ್ದಲದ ನಡುವೆ, ನೀರಿನ ಫಿಲ್ಟರ್ ಮಾರುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಗಿರಾಕಿಯ ಮನೆಗೆ ಹೋಗಿ, ಅವರ ನಲ್ಲಿಯ ನೀರಿಗೇ ಮೀಟರು ಅದ್ದಿ, ಅಂಕಿಯನ್ನು ನೋಡಿ, ಏನೂ ಮಾತಾಡದೆ ಹುಬ್ಬು ಮೇಲೇರಿಸುವುದು ನಮ್ಮ ಕಸುಬಿನ ಮುಖ್ಯ ವಿದ್ಯೆ. ಅಂಕಿ ಎಷ್ಟಿದ್ದರೂ ಹುಬ್ಬು ಏರಲೇಬೇಕು. ಮನೆಯ ಯಜಮಾನಿ ನನ್ನ ಹುಬ್ಬನ್ನು ನೋಡಿ ಗಂಡನ ಕಡೆ ತಿರುಗಿದಳೆಂದರೆ ವ್ಯಾಪಾರ ಅರ್ಧ ಕುದುರಿದ ಹಾಗೆ.

ಇಂಥವನನ್ನು ಊರಿಂದ ಬಂದವರೆಲ್ಲ ಕೇಳುವ ಮೊದಲ ಪ್ರಶ್ನೆ, ಇಲ್ಲಿ ನಲ್ಲಿ ನೀರು ಕುಡಿಯಬಹುದಾ ಎಂದು. ವಿಮಾನ ನಿಲ್ದಾಣದಿಂದ ಕರೆದುಕೊಂಡು ಬರುವಾಗ ಕಾರಿನಲ್ಲೇ ಕೇಳುತ್ತಾರೆ. ಕೆಲವರು ಊರಿಂದ ಫೋನು ಮಾಡಿಯೇ ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುತ್ತೇನೆ. ಕಾರ್ಖಾನೆಯಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ, ಸರ್ಕಾರದವರು ಪರೀಕ್ಷೆ ಮಾಡಿಯೇ ಬಿಡುತ್ತಾರೆ. ಆದರೆ ನಿಮ್ಮ ಕಟ್ಟಡದ ತಾರಸಿಯ ಮೇಲಿನ ಟ್ಯಾಂಕ್ ತೊಳೆದು ಎಷ್ಟು ಕಾಲವಾಯಿತು? ಮುಚ್ಚಳ ಇದೆಯೇ? ಅದರೊಳಗೆ ಪಾರಿವಾಳ ಏನು ಮಾಡಿ ಹೋಗಿದೆ? ಹೀಗೆ ಒಂದೊಂದೇ ಪ್ರಶ್ನೆ ಹಾಕುತ್ತ ಹೋದರೆ, ಸುಮ್ಮನೆ ಕೇಳಿದವರು ಕೊನೆಗೆ ಹಲ್ಲುಜ್ಜಲೂ ಬಾಟಲಿ ನೀರು ಹುಡುಕುತ್ತಾರೆ. ಕುಡಿಯಬಹುದು ಎಂಬ ಸತ್ಯ ನನಗೆ ಗೊತ್ತಿಲ್ಲದ್ದಲ್ಲ. ನಮ್ಮ ಮನೆಯಲ್ಲಿ ನಾವು ಕುಡಿಯುವುದೂ ಅದನ್ನೇ. ಆದರೆ ಆ ವಾಕ್ಯದ ಕೊನೆಗೆ ಬರುವ 'ಆದರೆ' ನಮಗೆ ಅನ್ನ ಹಾಕುತ್ತಿದೆ, ಅದನ್ನು ಬಿಟ್ಟು ಮಾತಾಡಲು ಬರುವುದಿಲ್ಲ.

ಬೇಸಗೆಯಲ್ಲಿ ಬಂದವರಿಗೆ ಇನ್ನೊಂದು ಪಾಠ ಹೇಳಿಕೊಡಬೇಕಾಗುತ್ತದೆ. ಜೂನ್ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಚಹಾ ಮಾಡುವಷ್ಟು ಬಿಸಿ ನೀರು ಸುರಿಯುತ್ತದೆ. ತಾರಸಿಯ ಟ್ಯಾಂಕ್ ಇಡೀ ದಿನ ಬಿಸಿಲಿನಲ್ಲಿ ಕಾದಿರುತ್ತದೆ. ಆದ್ದರಿಂದ ನಾವು ಗೀಸರಿನ ಸ್ವಿಚ್ಚು ಆರಿಸಿಟ್ಟು, ಅದರೊಳಗೆ ನೀರು ತುಂಬಿಸಿ ತಣಿಯಲು ಬಿಡುತ್ತೇವೆ. ತಣ್ಣೀರು ಬೇಕಾದವರು ಬಿಸಿನೀರಿನ ನಲ್ಲಿ ತಿರುಗಿಸಬೇಕು. ಇದನ್ನು ಹೇಳಲು ಮರೆತು ಒಮ್ಮೆ ಸುಜಾತಾಳ ಚಿಕ್ಕಪ್ಪ ಬಚ್ಚಲಿನಿಂದ ಹಾಕಿದ ಕೂಗು ಕೆಳಗಿನ ಮನೆಯ ಈಜಿಪ್ಟಿನವರಿಗೂ ಕೇಳಿಸಿತ್ತು.

ಹೀಗೆ ಎಲ್ಲರಿಗೂ ನೀರಿನ ವಿಷಯ ಹೇಳಿ ಹೇಳಿ ನಾಲಗೆ ಪಳಗಿದ ನಾನು ಒಬ್ಬರ ಮುಂದೆ ಮಾತು ಸೋತು ಕೂತೆ. ಅದು ನನ್ನ ಅಕ್ಕ, ಜಲಜಕ್ಕ.

ನಮ್ಮದು ಕುಂದಾಪುರದ ಆಚೆಯ ಕಡಲ ದಂಡೆಯ ಊರು. ಅಮ್ಮ ನನ್ನನ್ನು ಹೆತ್ತು ಹೆಚ್ಚು ಕಾಲ ಬದುಕಲಿಲ್ಲ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಸೊಂಟದ ಒಂದು ಕಡೆ ನಾನು, ಇನ್ನೊಂದು ಕಡೆ ಕೊಡಪಾನ. ದಂಡೆಯ ಬಾವಿಗಳೆಲ್ಲ ಮಾರ್ಚ್ ಬಂತೆಂದರೆ ಉಪ್ಪಾಗಿಬಿಡುತ್ತಿದ್ದವು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ. ಸೀ ನೀರು, ಎಂದರೆ ಸಿಹಿನೀರು ಬೇಕಾದರೆ ಹೆದ್ದಾರಿ ದಾಟಿ ಶಾಲೆಯ ಬಾವಿಗೆ ಹೋಗಬೇಕು. ಬರುವಾಗ ತುಂಬಿದ ಕೊಡ ತುಳುಕಿ ನನ್ನ ಕಾಲು ಒದ್ದೆಯಾಗುತ್ತಿತ್ತು. ನಾನು ಕಾಲು ಆಡಿಸಿದರೆ ಅಕ್ಕ ತೊಡೆ ಚಿವುಟುತ್ತಿದ್ದಳು. ಮನೆಯಲ್ಲಿ ಆ ನೀರಿಗೆ ಬೇರೆಯೇ ಮರ್ಯಾದೆ. ಅದು ಕುಡಿಯಲು, ಗಂಜಿಗೆ, ದೇವರಿಗೆ. ಅದರಲ್ಲಿ ಕೈ ತೊಳೆದರೆ ಬೆನ್ನಿಗೆ ಬೀಳುತ್ತಿತ್ತು.

ಮುಂದೆ ನಾನು ಸೀ ನೀರು ಮಾರಿಯೇ ಹೊಟ್ಟೆ ಹೊರೆಯುತ್ತೇನೆ ಎಂದು ಆ ಕಾಲಕ್ಕೆ ಯಾರಾದರೂ ಹೇಳಿದ್ದರೆ ಅಕ್ಕ ನಗುತ್ತಿದ್ದಳು. ಆಗ ಅವಳು ತುಂಬ ನಗುತ್ತಿದ್ದಳು.

ಅವಳನ್ನು ಮದುವೆಯಾದ ಶಂಕರ ಭಾವ ಬೋಟಿನವರು. ನನ್ನನ್ನು ಮೊದಲ ಸಲ ಬೋಟಿಗೆ ಹತ್ತಿಸಿದ್ದು ಅವರೇ. ನನಗೆ ಬೋಟಿನಲ್ಲಿ ನೆನಪಿರುವುದು ಬಲೆಯೂ ಅಲ್ಲ, ಮೀನೂ ಅಲ್ಲ. ಕ್ಯಾಬಿನ್ನಿನ ಹಿಂದೆ ಹಗ್ಗ ಬಿಗಿದು ನಿಲ್ಲಿಸಿದ್ದ ಸೀ ನೀರಿನ ನೀಲಿ ಡ್ರಮ್ಮು. ಕಣ್ಣು ಹಾಯಿಸಿದಷ್ಟೂ ನೀರೇ ಇರುವ ಜಾಗದಲ್ಲಿ ಆ ಡ್ರಮ್ಮಿಗೆ ಬೀಗ ಹಾಕುತ್ತಿದ್ದರು. ಭಾವ ಬೀಗ ತೆಗೆದು ಮೊದಲ ಲೋಟ ನನಗೆ ಕೊಟ್ಟು, "ಕುಡಿ ಮರಾಯಾ, ನಿನ್ನ್ ಅಕ್ಕ ತುಂಬ್ಸಿ ಕೊಟ್ಟ ನೀರ್ ಇದ್" ಎಂದಿದ್ದರು. ಡೀಸೆಲ್ ವಾಸನೆ ಹೊಡೆಯುತ್ತಿದ್ದ ನೀರು. ಆದರೂ ಅಷ್ಟು ರುಚಿಯ ನೀರನ್ನು ಆಮೇಲೆ ನಾನು ಕುಡಿದಿಲ್ಲ.

ನಾನು ಮಸ್ಕತ್ತಿಗೆ ಬಂದು ಕೆಲವು ವರ್ಷವಾದ ಮೇಲೆ, ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗೆ ಇಳಿದ ಹೊಸತರಲ್ಲಿ, ಭಾವ ಹೋದ ಬೋಟು ವಾಪಸು ಬರಲಿಲ್ಲ. ಗಾಳಿ ಎದ್ದಿತ್ತಂತೆ. ಜೊತೆಗೆ ಹೋದ ಬೋಟುಗಳು ಬಂದವು, ಇದು ಬರಲಿಲ್ಲ. ಹುಡುಕಿದರು. ಮುರಿದ ಹಲಗೆಯೊಂದು ಸಿಕ್ಕಿತೆಂದು ಒಬ್ಬರು, ಅದು ಬೇರೆ ಬೋಟಿನದೆಂದು ಇನ್ನೊಬ್ಬರು ಹೇಳಿದರು. ಆ ಬೋಟಿನಲ್ಲಿದ್ದ ಉಳಿದವರ ಮನೆಯವರು ಒಬ್ಬೊಬ್ಬರಾಗಿ ಬೊಜ್ಜ ಮಾಡಿ, ಅಂದರೆ ಸತ್ತವರಿಗೆ ಮಾಡುವ ಕ್ರಿಯೆಗಳನ್ನು ಮಾಡಿ ಮುಗಿಸಿದರು. ಅಕ್ಕ ಮಾತ್ರ ಒಪ್ಪಲಿಲ್ಲ. ಹೆಣ ಕಾಣದೆ ಬೊಜ್ಜ ಎಂಥದ್ದು ಎಂದಳು. ಯಾವುದೋ ಊರಿನ ಬೋಟು ಎಂಜಿನ್ ಕೆಟ್ಟು ತೇಲುತ್ತ ಹೋಗಿ ಅರಬರ ದಂಡೆ ಸೇರಿತ್ತಂತೆ, ಅದರಲ್ಲಿದ್ದವರು ಎಷ್ಟೋ ತಿಂಗಳ ಮೇಲೆ ಜೀವಂತ ಮನೆಗೆ ಬಂದರಂತೆ ಎಂದು ಬಂದರಿನಲ್ಲಿ ಯಾರೋ ಅವಳಿಗೆ ಹೇಳಿದ್ದರು. ಅಂದಿನಿಂದ ಆ ಮಾತೊಂದನ್ನೇ ಹಿಡಿದುಕೊಂಡಳು. ಕರಿಮಣಿ ತೆಗೆಯಲಿಲ್ಲ, ಹಣೆಯ ಕುಂಕುಮ ಅಳಿಸಲಿಲ್ಲ. ಮೀನು ಒಣಗಿಸಿ ಮಾರಿ ಬದುಕಿದಳು. ಊರಿನವರು ಮೊದಮೊದಲು ಬುದ್ಧಿ ಹೇಳಿದರು, ಆಮೇಲೆ ಅವಳನ್ನು ಮದುವೆ ಮನೆಗೆ ಕರೆಯಬೇಕೋ ಬೇಡವೋ ತಿಳಿಯದೆ ಪೇಚಾಡಿದರು. ಭೂಗೋಳ ಓದಿ, ನಡುವೆ ಎಷ್ಟು ಕಡಲಿದೆ ಎಂದು ತಿಳಿದಿದ್ದ ನಾನು ಫೋನಿನಲ್ಲಿ ಮೀನಿನ ಕ್ರಯವನ್ನಷ್ಟೇ ವಿಚಾರಿಸುತ್ತಿದ್ದೆ.

ಮಸ್ಕತ್ತಿಗೆ ಬಾ ಎಂದು ನಾನು ಕರೆದಾಗಲೆಲ್ಲ ಅವಳು ಏನಾದರೊಂದು ನೆಪ ಹೇಳುತ್ತಿದ್ದಳು. ಕಳೆದ ವರ್ಷ ತಾನಾಗಿಯೇ ಫೋನು ಮಾಡಿದಳು. "ಬೋಟ್ ಬಂದ್ ಆದ್ಮೇಲೆ ಬತ್ತೆ. ನಂಗ್ ಅಲ್ಲಿ ಒಂದ್ ಜಾಗ ಕಾಂಬುಕಿತ್ತ್" ಎಂದಳು. ಮಳೆಗಾಲದಲ್ಲಿ ಎರಡು ತಿಂಗಳು ಮೀನುಗಾರಿಕೆ ನಿಂತಾಗ ಮಾತ್ರ ಅವಳಿಗೆ ಬಿಡುವು. ಯಾವ ಜಾಗ ನೋಡಬೇಕು ಎಂದು ನಾನು ಕೇಳಲಿಲ್ಲ. ಭಾವನನ್ನು ಹುಡುಕಲು ಬರುತ್ತಿದ್ದಾಳೆ ಎಂದು ಆ ಕ್ಷಣವೇ ತಿಳಿಯಿತು. ಫೋನು ಇಟ್ಟ ಮೇಲೆ ಸುಜಾತಾಳಿಗೆ ಹೇಳಿದೆ. ಆಕೆ ಒಲೆ ಆರಿಸಿ ಬಂದು ನನ್ನ ಪಕ್ಕದಲ್ಲಿ ಕೂತಳು.

ಜೂನ್ ತಿಂಗಳ ಉರಿಯಲ್ಲಿ ಅಕ್ಕ ಬಂದಿಳಿದಳು. ಮುಡಿಯಲ್ಲಿ ಬಾಡಿದ ಅಬ್ಬಲಿಗೆ, ಕೈಯಲ್ಲಿ ಒಣಮೀನಿನ ವಾಸನೆ ಹೊರಡುವ ಚೀಲ. ಕಾರಿನ ಕಿಟಕಿಯಿಂದ ಬೋಳು ಗುಡ್ಡಗಳನ್ನು ನೋಡುತ್ತ ಎಲ್ಲರ ಪ್ರಶ್ನೆಯನ್ನು ಅವಳೂ ಬೇರೆ ರೀತಿಯಲ್ಲಿ ಕೇಳಿದಳು.

"ಇಲ್ಲಿ ಹೊಳಿ ಇಲ್ಲೆ, ಕೆರಿ ಇಲ್ಲೆ. ಇಷ್ಟ್ ಜನಕ್ಕೆ ನೀರ್ ಎಲ್ಲಿಂದ ಬತ್ತ್ ಮರಾಯಾ?"

ನನಗೆ ಬೇಕಾದದ್ದೇ ಆಯಿತು. "ಕಡ್ಲಿಂದ ಅಕ್ಕಾ! ಉಪ್ಪ್ ತೆಗ್ದ್ ಮನಿ ಮನಿಗೆ ಬಿಡ್ತ್ರ್. ನಾವ್ ಇಲ್ಲಿ ಕುಡೂದೆಲ್ಲ ಕಡ್ಲೇ" ಎಂದೆ, ಆ ಕಾರ್ಖಾನೆಯನ್ನು ನಾನೇ ಕಟ್ಟಿಸಿದವನ ಹಾಗೆ.

"ಯಾವ್ ಕಡ್ಲ್?"

"ನಮ್ದೇ. ಊರಂಗೆ ಇದ್ದದ್ದೇ ಇದ್. ಇದ್ ಆಚಿ ದಂಡಿ, ಅಷ್ಟೆ."

ಅಕ್ಕ ಸೆರಗು ಹೊದ್ದುಕೊಂಡು ಸೀಟಿಗೆ ಒರಗಿದಳು. ಅವಳಿಗೆ ಆಯಾಸವಾಗಿರಬೇಕು ಎಂದುಕೊಂಡು ನಾನು ಉಪ್ಪು ತೆಗೆಯುವ ವಿಧಾನವನ್ನು ದಾರಿಯುದ್ದಕ್ಕೂ ವಿವರಿಸಿದೆ.

ಮನೆಗೆ ಬಂದ ಕೂಡಲೇ ಸುಜಾತಾ ನಮ್ಮ ಕಡೆಯ ಕ್ರಮದಂತೆ ಬೆಲ್ಲದ ತುಂಡು, ಲೋಟದಲ್ಲಿ ನೀರು ತಂದಿಟ್ಟಳು. ಅಕ್ಕ ಬೆಲ್ಲ ಬಾಯಿಗೆ ಹಾಕಿಕೊಂಡಳು. ಲೋಟವನ್ನು ಕೈಗೆತ್ತಿಕೊಂಡು, ಒಳಗೆ ನೋಡಿ, ಹಾಗೆಯೇ ಕೆಳಗಿಟ್ಟಳು. "ಆಸ್ರಿ ಇಲ್ಲೆ" ಎಂದಳು. ಬಾಯಾರಿಕೆ ಇಲ್ಲವಂತೆ, ಜೂನ್ ತಿಂಗಳಲ್ಲಿ! ನನ್ನ ಮಗಳು ಅನಘಾ ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ಇಟ್ಸ್ ಟೋಟಲಿ ಸೇಫ್, ಅತ್ತೆ" ಎಂದು ತಾನೇ ಒಂದು ಲೋಟ ಕುಡಿದು ತೋರಿಸಿದಳು. ಅತ್ತೆ ಅವಳ ತಲೆ ನೇವರಿಸಿದಳು, ನೀರು ಮುಟ್ಟಲಿಲ್ಲ.

ಮರುದಿನವೂ ಹಾಗೆಯೇ ಆಯಿತು. ಗಂಜಿಯ ಬಟ್ಟಲಿನಲ್ಲಿ ಅನ್ನ ತಿಂದು ತೆಳಿ ಬಿಟ್ಟಳು. ಆಮೇಲೆ ಅನ್ನವೂ ಅದೇ ನೀರಿನಲ್ಲಿ ಬೆಂದದ್ದೆಂದು ಹೊಳೆಯಿತೋ ಏನೋ, ಅದನ್ನೂ ಬಿಟ್ಟಳು. ಕಡಲ ನೀರೆಂಬ ಕಾರಣಕ್ಕೇ ಬಿಟ್ಟಿರಬೇಕೆಂದು ಅನಘಾ ಅಂಗಡಿಗೆ ಹೋಗಿ ಬಾಟಲಿಗಳ ಚೀಟಿ ಓದಿ, ಗುಡ್ಡದ ಬಾವಿಯಿಂದ ತೆಗೆದದ್ದು ಎಂದು ಬರೆದಿದ್ದ ನೀರು ಹುಡುಕಿ ತಂದಳು. ಅಕ್ಕನ ಗಂಜಿ ಅದರಲ್ಲೇ ಬೆಂದಿತು, ಅದನ್ನೇ ಅವಳು ಕುಡಿದಳು. ಆದರೆ ಗುಟುಕು ಗುಟುಕಾಗಿ, ಔಷಧಿಯ ಹಾಗೆ. ಮೂರನೇ ಮಹಡಿಗೆ ಹೊತ್ತು ತರುವವರಿಗೆ ಕಷ್ಟ ಎಂದು ಲೆಕ್ಕ ಹಾಕಿ ಬಾಯಿ ಒದ್ದೆ ಮಾಡಿಕೊಳ್ಳುವಷ್ಟು ಮಾತ್ರ ಕುಡಿಯುತ್ತಿದ್ದಾಳೆಂದು ನಮಗೆ ಗೊತ್ತಾಗುವ ಹೊತ್ತಿಗೆ ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ತಲೆ ತಿರುಗಿ ಗೋಡೆ ಹಿಡಿದು ಕುಸಿದಳು. ಕ್ಲಿನಿಕ್ಕಿನ ಡಾಕ್ಟರು ಡ್ರಿಪ್ ಹಾಕಿ, ಈ ಊರಿನಲ್ಲಿ ನೀರು ಕುಡಿಯದಿದ್ದರೆ ಮೂತ್ರಪಿಂಡ ಕೈಕೊಡುತ್ತದೆ ಎಂದು ಅವಳಿಗಲ್ಲ, ನನಗೆ ಬೈದರು.

ಮನೆಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. ಜೇಬಿನಿಂದ ಮೀಟರು ತೆಗೆದೆ. ಲೋಟದಲ್ಲಿ ನಲ್ಲಿ ನೀರು ಹಿಡಿದು, ಅವಳ ಹಾಸಿಗೆಯ ಪಕ್ಕ ಕೂತು, ಅದ್ದಿ ತೋರಿಸಿದೆ. ಈ ಸಲ ಹುಬ್ಬು ಏರಿಸಲಿಲ್ಲ. "ಕಾಣ್ ಅಕ್ಕಾ, ನಮ್ಮ ಶಾಲಿ ಬಾವಿಯಂಗೂ ಇದ್ಕಿಂತ ಹೆಚ್ಚ್ ಉಪ್ಪಿತ್ತ್. ಆ ನೀರ್ ಕುಡ್ದೇ ನಾವ್ ದೊಡ್ಡ ಆದ್ದ್ ಅಲ್ದಾ?" ಎಂದೆ.

ಅಕ್ಕ ಮೀಟರನ್ನು ನೋಡಲಿಲ್ಲ. ನನ್ನ ಮುಖ ನೋಡಿದಳು.

"ಉಪ್ಪ್ ತೆಗೂಕ್ ಆತ್ತ್ ಮರಾಯಾ, ನಾ ಇಲ್ಲ ಅಂಬುದಿಲ್ಲೆ. ನಿನ್ನ್ ಭಾವನ್ನ ಹ್ಯಾಂಗೆ ತೆಗಿತ್ರ್ ಅದ್ರಾಗಿಂದ?"

ನಾನು ಮೀಟರನ್ನು ಲೋಟದಿಂದ ತೆಗೆದು ಒರೆಸಿ ಜೇಬಿಗೆ ಹಾಕಿಕೊಂಡೆ. ಎಷ್ಟೋ ವರ್ಷಗಳಿಂದ, ಅವರು ಯಾವುದೋ ದಂಡೆಯಲ್ಲಿ ಬದುಕಿದ್ದಾರೆ ಎಂದು ಊರೆಲ್ಲದರ ಎದುರು ವಾದಿಸುತ್ತ ಬಂದವಳು ಅವಳು. ಅವರು ಕಡಲಿನಲ್ಲಿಯೇ ಇದ್ದಾರೆ ಎಂದು ಅವಳ ಬಾಯಿಂದ ಮೊದಲ ಸಲ ಕೇಳಿದೆ. ಹೇಳಿಬಿಟ್ಟೆನೆಂದು ಅವಳಿಗೂ ತಿಳಿಯಿತೆಂದು ಕಾಣುತ್ತದೆ. ಗೋಡೆಯ ಕಡೆ ತಿರುಗಿ ಮಲಗಿದಳು, ಬೆನ್ನು ಮಾತ್ರ ಅಲುಗುತ್ತಿತ್ತು. ನನ್ನ ಭಾರ, ಕೊಡದ ಭಾರ ಎರಡನ್ನೂ ತಾಳಿಕೊಂಡು ನಡೆದ ಬೆನ್ನು ಅದು. ಅದರ ಮೇಲೆ ಕೈ ಇಡಲು ನನಗೆ ಧೈರ್ಯ ಬರಲಿಲ್ಲ. ನನಗೆ ತುಂಬ ದುಃಖವಾಯಿತು ಎಂದು ಬರೆದರೆ ಅದು ಸಣ್ಣ ಮಾತಾಗುತ್ತದೆ, ಆದರೆ ಬೇರೆ ಮಾತು ನನ್ನ ಬಳಿ ಇಲ್ಲ.

ಭಾವ ಕಡಲಿನಲ್ಲಿದ್ದಾರೆ ಎಂದು ಬಾಯಿ ಹೇಳಿದರೂ ಅವಳು ಬಂದದ್ದು ದಂಡೆಯಲ್ಲಿ ಅವರನ್ನು ಹುಡುಕಲು. ಎರಡು ದಿನ ಬಿಟ್ಟು ಅವಳೇ ಕೇಳಿದಳು: ತೇಲಿ ಬಂದ ಬೋಟುಗಳು ಇಲ್ಲಿ ಯಾವ ದಂಡೆಗೆ ಹತ್ತುತ್ತವೆ, ಅಲ್ಲಿಗೆ ಕರೆದುಕೊಂಡು ಹೋಗುತ್ತೀಯಾ ಎಂದು. ನಾನು ಹಮೀದನ ಬಳಿಗೆ ಹೋದೆ. ಹಮೀದ್ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮ, ಘಾಲಾದಲ್ಲಿ ನಮ್ಮ ಆಫೀಸಿನ ಎದುರಿಗೇ ಅವನ ಟಯರು ಅಂಗಡಿ. ಅರಬಿಯನ್ನು ಅರಬರಿಗಿಂತ ವೇಗವಾಗಿ ಮಾತಾಡುತ್ತಾನೆ. ವಿಷಯ ಕೇಳಿದವನೇ ಅಂಗಡಿಯಲ್ಲಿ ಕೆಲಸದವನಿಗೆ "ಖಲಾಸ್, ಇವತ್ತು ನೀನೇ ನೋಡಿಕೊ" ಎಂದು ಹೇಳಿ ಆ ದಿನವೇ ಮನೆಗೆ ಬಂದ.

"ಅಕ್ಕಾ, ನೀವು ತಲೆಬಿಸಿ ಮಾಡಬೇಡಿ. ನನ್ನ ಗುರ್ತದವರು ಒಬ್ಬರು ಸೂರ್ ಅಂತ ಬಂದರಿನ ಊರಿನಲ್ಲಿ ಇದ್ದಾರೆ. ಹಳೆ ನಾಖುದ. ಆ ದಂಡೆಗೆ ಬಂದದ್ದು, ಹೋದದ್ದು ಎಲ್ಲ ಅವರಿಗೆ ಗೊತ್ತುಂಟು. ಒಮ್ಮೆ ಹೋಗಿ ಕೇಳುವ."

ನಾಖುದ ಎಂದರೆ ಹಡಗಿನ ಯಜಮಾನ ಎಂದು ಅಕ್ಕನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಮುಖದಲ್ಲಿ ಸ್ವಲ್ಪ ಗೆಲುವು ಬಂತು. ಅದನ್ನು ನೋಡಿ ನನಗೆ ಇನ್ನಷ್ಟು ಭಯವಾಯಿತು.

ಮಸ್ಕತ್ತಿನಿಂದ ಸೂರಿಗೆ ಹೋಗುವ ದಾರಿ ಒಂದು ಕಡೆ ಗುಡ್ಡ, ಒಂದು ಕಡೆ ಕಡಲು. ಬೆಳಿಗ್ಗೆ ಬೇಗ ಹೊರಟೆವು. ಕಾರು ಓಡಿಸುತ್ತಿದ್ದ ನನ್ನ ಪಕ್ಕದಲ್ಲಿ ಹಮೀದ್, ಹಿಂದೆ ಅಕ್ಕ. ಅಕ್ಕ ಕಡಲಿನ ಕಡೆಯ ಕಿಟಕಿಗೆ ಸರಿದು ಕೂತಿದ್ದಳು. ಆಮೇಲೆ ಅವಳು, ಯಾರಿಗೆಂದು ಇಲ್ಲದೆ, ಹೇಳತೊಡಗಿದಳು.

"ಅವ್ರ್ ಕಡ್ಲಿಂದ ಬಂದ್ರೆ ಮೀಯದೆ ಒಳ್ಗ್ ಬತ್ತಿರ್ಲಿಲ್ಲೆ. ಮೈಯೆಲ್ಲ ಉಪ್ಪ್ ಒಣ್ಗಿ ಬೆಳ್ಳಗಾಯಿರ್ತಿತ್ತ್. ನಾ ಹಂಡಿ ತುಂಬ ಸೀ ನೀರ್ ಕಾಸಿ ಇಡ್ತಿದ್ದೆ. ಶಾಲಿ ಬಾವಿ ನೀರ್. ಅಷ್ಟ್ ದೂರದಿಂದ ಹೊತ್ ತಂದದ್ದ್ ಮೀವುಕಾ ಅಂದ್ ಅತ್ತೆ ಬೈತಿದ್ರ್. ಉಪ್ಪ್ ನೀರಂಗೆ ಮಿಂದ್ರೆ ಉಪ್ಪ್ ಹೋತ್ತಾ? ಆ ದಿನವೂ ಕಾಸಿದ್ದೆ. ಬೆಳ್ಗಾಪಲ್ಲಿವರೆಗೂ ಒಲಿ ಆರ್ಸ್‌ಲಿಲ್ಲ."

ಹಮೀದ್ ಹಿಂತಿರುಗಿ ನೋಡದೆ, "ಹೌದಕ್ಕ" ಎಂದ.

"ಸತ್ತದ್ದಕ್ಕಲ್ಲ ಮರಾಯ್ರೆ ನಂಗ್ ಬೇಜಾರ್" ಎಂದಳು ಅಕ್ಕ. "ಮೀಯದೆ ಹೋದ್ರಲ್ಲ ಅಂದ್."

ಸತ್ತದ್ದು ಎಂಬ ಶಬ್ದ ಅಷ್ಟು ಸಲೀಸಾಗಿ ಬಂದದ್ದು ಕೇಳಿ ನನ್ನ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಯಿತು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದುಕೊಂಡು ಮುಂದೆ ಹೋದ.

ಸೂರಿನ ಕಡಲ ಕೊಲ್ಲಿಯ ಹತ್ತಿರ, ಮರದ ಹಡಗು ಕಟ್ಟುವ ಅಂಗಳದ ಹಿಂದೆ ನಾಖುದನ ಮನೆ. ತುಂಬ ಮುದುಕರು, ಒಂದು ಕಣ್ಣಿನಲ್ಲಿ ಪೊರೆ. ಯುವಕರಾಗಿದ್ದಾಗ ಹಡಗಿನಲ್ಲಿ ಮಂಗಳೂರಿಗೆ ಬಂದು ಹೆಂಚು ತುಂಬಿಸಿಕೊಂಡು ಹೋಗುತ್ತಿದ್ದರಂತೆ. ಅಕ್ಕನನ್ನು ನೋಡಿ "ಮಂಗಲೂರ್, ಮಂಗಲೂರ್" ಎಂದು ಎರಡು ಸಲ ಹೇಳಿ, ಎದೆಯ ಮೇಲೆ ಕೈ ಇಟ್ಟುಕೊಂಡರು. ಖರ್ಜೂರ, ಏಲಕ್ಕಿ ಹಾಕಿದ ಕಾಫಿ, ನೀರು ಬಂತು. ಅಕ್ಕ ಖರ್ಜೂರ ತಿಂದಳು. ನೀರಿನ ಲೋಟ ಅವಳ ಮುಂದೆಯೇ ಉಳಿಯಿತು. ಮನೆಯವರು ತಪ್ಪು ತಿಳಿಯಬಾರದೆಂದು ಹಮೀದ್ ಏನೋ ಸಮಜಾಯಿಷಿ ಹೇಳಿದ.

ಅಕ್ಕ ತನ್ನ ಚೀಲದಿಂದ ಭಾವನ ಫೋಟೋ ತೆಗೆದು ಕೊಟ್ಟಳು. ಮದುವೆಯ ದಿನದ್ದು. ಮುದುಕರು ಅದನ್ನು ಒಳ್ಳೆಯ ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಮಾತಾಡಿದರು. ಹಮೀದ್ ಕೇಳಿಸಿಕೊಂಡ, ಕನ್ನಡದಲ್ಲಿ ಹೇಳಲು ಬಾಯಿ ತೆರೆದ, ಮುಚ್ಚಿದ. ದಾರಿಯುದ್ದಕ್ಕೂ ನಾನು ಹಮೀದನಿಗೆ ಕಣ್ಣಿನಲ್ಲೇ ಬೇಡಿಕೊಂಡು ಬಂದಿದ್ದೆ, ಏನಾದರೂ ಸ್ವಲ್ಪ ಮೆತ್ತಗೆ ಮಾಡಿ ಹೇಳು ಎಂದು.

"ಅವ್ರ್ ಹೇಳಿದ್ದನ್ನೇ ಹೇಳಿ" ಎಂದಳು ಅಕ್ಕ.

ಹಮೀದ್ ತಲೆ ತಗ್ಗಿಸಿ ಹೇಳಿದ. "ಬೋಟು ಬಂದದ್ದುಂಟು ಅಂತಾರೆ ಅಕ್ಕ. ಇರಾನಿನದ್ದು, ಪಾಕಿಸ್ತಾನದ್ದು, ಗುಜರಾತಿನದ್ದು. ಮನುಷ್ಯರು ಜೀವಂತ ಬಂದದ್ದೂ ಉಂಟು. ಊಟ ಕೊಟ್ಟು, ಪೊಲೀಸಿಗೆ ತಿಳಿಸಿ, ಎಲ್ಲರನ್ನೂ ಊರಿಗೆ ಕಳಿಸಿದ್ದಾರೆ. ಜೀವ ಇದ್ದವರು ಯಾರೂ ಇಲ್ಲಿ ಉಳಿಯುವುದಿಲ್ಲಂತೆ. ಮನೆ ಇದ್ದವರು ಮನೆಗೇ ಹೋಗ್ತಾರಂತೆ."

ಅಕ್ಕ ತಲೆಯಾಡಿಸಿದಳು. ಫೋಟೋ ವಾಪಸು ಪಡೆದು ಸೆರಗಿನಿಂದ ಒರೆಸಿದಳು. ಇಷ್ಟು ವರ್ಷ ಕಾದದ್ದು ಇಷ್ಟರಲ್ಲಿ ಮುಗಿಯಿತು. ನಾನು ಏಳಲು ಹೊರಟೆ. ಅವಳು ಕೂತೇ ಇದ್ದಳು.

"ಜೀವ ಇಲ್ದೆ ಬಂದವ್ರನ್ನ ಎಂತ ಮಾಡ್ತ್ರ್, ಕೇಣಿ" ಎಂದಳು.

ಹಮೀದ್ ನನ್ನ ಮುಖ ನೋಡಿದ. ಆಮೇಲೆ ಅದನ್ನು ಅರಬಿಯಲ್ಲಿ ಕೇಳಿದ. ಮುದುಕರು ಉತ್ತರ ಹೇಳುವ ಮೊದಲು ಕೋಲನ್ನು ಗೋಡೆಗೆ ಒರಗಿಸಿ ನೆಟ್ಟಗೆ ಕೂತರು. ಈಗ ಪೊಲೀಸರು ಬಂದು ಒಯ್ಯುತ್ತಾರೆ, ಹೆಸರು ಊರು ವಿಚಾರಿಸುತ್ತಾರೆ. ಈ ದೊಡ್ಡ ರಸ್ತೆ ಆಗುವ ಮೊದಲು, ಸಣ್ಣ ಸಣ್ಣ ಕೊಲ್ಲಿಯ ಊರುಗಳಲ್ಲಿ ಯಾರೂ ಬರುತ್ತಿರಲಿಲ್ಲ, ಊರಿನವರೇ ಮಣ್ಣು ಮಾಡುತ್ತಿದ್ದರು. ಈ ಮುದುಕರೂ ಮಾಡಿದ್ದಾರೆ. ಇಂಥವರೆಂದು ಗೊತ್ತಿಲ್ಲದವರಿಗೂ ಒಂದು ಕಲ್ಲು ನಿಲ್ಲಿಸಿದ್ದಾರೆ. ಅಷ್ಟನ್ನು ಹಮೀದ್ ಹೇಳಿ ನಿಲ್ಲಿಸಿದ.

"ಮೀಸ್ತಿದ್ರಾ?"

"ಮೀಯಿಸದೆ ಮಣ್ಣು ಕೊಡ್ಲಿಕ್ಕುಂಟಾ ಅಂತ ಅವರೇ ಕೇಳ್ತಿದ್ದಾರೆ ಅಕ್ಕ. ನಮ್ಮಲ್ಲಿ ಅದಿಲ್ಲದೆ ಆಗುವುದಿಲ್ಲ."

"ಉಪ್ಪ್ ನೀರಂಗಾ, ಸೀ ನೀರಂಗಾ?"

ಈ ಪ್ರಶ್ನೆಯನ್ನು ಅರಬಿಗೆ ತಿರುಗಿಸುವಾಗ ಅಷ್ಟು ವೇಗದ ಹಮೀದನ ಮಾತು ತೊಡರಿತು. ಮುದುಕರಿಗೆ ಮಾತ್ರ ತಕ್ಷಣ ತಿಳಿಯಿತು. ಅವರು ಹಮೀದನ ಕಡೆ ನೋಡುವುದನ್ನು ಬಿಟ್ಟು, ಅಕ್ಕನ ಕಡೆಗೇ ತಿರುಗಿ, ಅವಳಿಗೆ ಅರಬಿ ಬರುತ್ತದೆ ಎಂಬಂತೆ ಮಾತಾಡಿದರು. ಎರಡೂ ಕೈಗಳಿಂದ ನೀರು ಎತ್ತಿ ಸುರಿಯುವ ಹಾಗೆ ಮಾಡಿ ತೋರಿಸಿದರು. ತಲೆಯಿಂದ, ಹೆಗಲಿನಿಂದ, ಕಾಲಿನವರೆಗೆ.

ಹಮೀದ್ ಕಣ್ಣೊರೆಸಿಕೊಂಡು ಹೇಳಿದ. "ಆಗ ಇಲ್ಲಿ ಸಿಹಿನೀರು ಅಂದರೆ ಚಿನ್ನ ಅಕ್ಕ. ಗುಡ್ಡದ ಒರತೆಯಿಂದ ಕತ್ತೆಯ ಮೇಲೆ ಬರಬೇಕು. ನಮಗೆ ಕುಡಿಯಲಿಕ್ಕೆ ಕಡಿಮೆಯಾದರೂ ಸತ್ತವರಿಗೆ ಕಡಿಮೆ ಮಾಡಲಿಲ್ಲ ಅಂತಾರೆ. ಕಡಲಿನಿಂದ ಬಂದವನ ಮೈಗೆ ಪುನಃ ಕಡಲ ನೀರು ಯಾರಾದರೂ ಹಾಕ್ತಾರಾ, ಉಪ್ಪು ಪೂರ್ತಿ ಹೋಗುವವರೆಗೆ ತೊಳೆಯುತ್ತಿದ್ದೆವು ಅಂತಾರೆ."

ಅಕ್ಕ ಆ ಮುದುಕರಿಗೆ ಕೈ ಮುಗಿದಳು. ಅವರು ಮತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಭಾವ ಆ ದಂಡೆಗೆ ಬಂದಿದ್ದರೆಂದು ಅವರು ಹೇಳಲಿಲ್ಲ. ಅವಳೂ ಅದನ್ನು ಕೇಳಲಿಲ್ಲ.

ಹೊರಗೆ ಬಿಸಿಲು ಕಣ್ಣು ಬಿಡಲು ಆಗದಷ್ಟಿತ್ತು. 'ಸಬೀಲ್' ಎಂದು ಇಲ್ಲಿ ಮಸೀದಿ, ಮನೆಗಳ ಗೋಡೆಯ ಪಕ್ಕ ದಾರಿಹೋಕರಿಗೆಂದು ತಣ್ಣೀರಿನ ಪೆಟ್ಟಿಗೆ ಇಡುತ್ತಾರೆ. ನಾಖುದನ ಮನೆಯ ಗೇಟಿನ ಹತ್ತಿರವೂ ಒಂದಿತ್ತು. ಮೂರು ನಲ್ಲಿ, ಸರಪಳಿಗೆ ಕಟ್ಟಿದ ಸ್ಟೀಲಿನ ಲೋಟ. ಸೂರಿನಲ್ಲಿಯೂ ನಲ್ಲಿಗೆ ಬರುವುದು ಕಡಲಿನಿಂದ ಮಾಡಿದ ನೀರೇ. ನಾನು ಕಾರಿನಿಂದ ಅಕ್ಕನ ಬಾಟಲಿ ತರಲು ಓಡಿದೆ. ಬಾಟಲಿ ಹಿಡಿದು ತಿರುಗಿ ನೋಡುವಾಗ ಅಕ್ಕ ಪೆಟ್ಟಿಗೆಯ ಮುಂದೆ ನಿಂತಿದ್ದಳು. ಲೋಟ ತೊಳೆದಳು, ತುಂಬಿಸಿದಳು, ನಮ್ಮ ಊರಿನವರ ಹಾಗೆ ತುಟಿಗೆ ತಾಗಿಸದೆ ಎತ್ತಿ ಹಿಡಿದು ಕುಡಿದಳು. ನಿಲ್ಲಿಸದೆ ಕುಡಿದಳು. ಮತ್ತೊಂದು ಲೋಟ ತುಂಬಿಸಿ ಅದನ್ನೂ ಕುಡಿದಳು. ಗಂಟಲು ಮೇಲೆ ಕೆಳಗೆ ಆಡುವುದು ಕಾಣುತ್ತಿತ್ತು. ಗಲ್ಲದಿಂದ ಇಳಿದ ನೀರು ಕರಿಮಣಿಯ ಮೇಲೆ, ರವಿಕೆಯ ಮೇಲೆ ಬಿತ್ತು. ನಾನು ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ರಸ್ತೆಯಲ್ಲೇ ನಿಂತು ಅತ್ತುಬಿಟ್ಟೆ.

ಅವಳು ಬಾಯಿ ಒರೆಸಿಕೊಂಡು ನನ್ನ ಹತ್ತಿರ ಬಂದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ.

"ಯಾವ್ ದಂಡಿಗೆ ಹತ್ತಿದ್ರೂ ಯಾರಾರೂ ಮೀಸಿರ್ತ್ರ್ ಮರಾಯಾ" ಎಂದಳು. "ಊರಿಗ್ ಹೋದ್ಕೂಡ್ಲೆ ಅವ್ರ ಬೊಜ್ಜ ಮಾಡ್ವ. ನೀ ರಜೆ ಹಾಕಿ ಬಾ."